ಅಡ್ಜಸ್ಟ್ ಎಂಬ ಪದದ ಮೇಲೆ ನನ್ನದೊಂದು ತಕರಾರು

ಹೋದ ತಿಂಗಳು ಸಹಕಾರನಗರದ ಕಲ್ಯಾಣಮಂಟಪವೊಂದರಲ್ಲಿ ನಡೆದ ಮದುವೆಗೆ ಹೋಗಿದ್ದೆ. ವಧು ನನ್ನ ಹಳೆಯ ಶಿಷ್ಯನೊಬ್ಬನ ಮಗಳು. ಅಕ್ಷತೆ ಹಾಕುವ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ಆ ಹುಡುಗಿಯ ತಲೆಯ ಮೇಲೆ ಕೈಯಿಟ್ಟು, "ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ, ಸಂಸಾರ ಅಂದ್ರೆ ಅಷ್ಟೇ" ಎಂದು ಹರಸಿದರು. ಹುಡುಗಿ ವಿಧೇಯಳಾಗಿ ತಲೆಯಾಡಿಸಿದಳು. ಪಕ್ಕದಲ್ಲಿದ್ದ ವರನ ಕೈಕುಲುಕಿ ಅವರು ಹೇಳಿದ್ದು "ಕಂಗ್ರಾಜುಲೇಷನ್ಸ್" ಎಂಬ ಒಂದೇ ಮಾತು.

ಊಟದ ಪಂಕ್ತಿಯಲ್ಲಿ ಕುಳಿತಾಗ ನಾನು ಈ ಸಂಗತಿಯನ್ನು ಎತ್ತಿದೆ. ಎತ್ತಬಾರದಿತ್ತೇನೋ. ಎದುರು ಸಾಲಿನಲ್ಲಿದ್ದ ಇನ್ನೊಬ್ಬ ಶಿಷ್ಯ, ಮಾನ್ಯತಾ ಟೆಕ್ ಪಾರ್ಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವವನು, ನಕ್ಕು, "ಸಾರ್, ಬೆಂಗಳೂರು ನಿಂತಿರೋದೇ ಆ ಒಂದು ಪದದ ಮೇಲೆ. ಸ್ವಲ್ಪ ಅಡ್ಜಸ್ಟ್ ಮಾಡಿ ಅನ್ನೋದು ಕನ್ನಡಿಗರ ಸಂಸ್ಕೃತಿ. ಟೀ ಷರ್ಟಿನ ಮೇಲೂ ಅಚ್ಚು ಹಾಕ್ತಾರೆ" ಎಂದ. ಪಾಯಸ ಬರುವವರೆಗೂ ವಾದ ನಡೆಯಿತು. ಅಕ್ಕಪಕ್ಕದವರು ಎರಡು ಪಕ್ಷಗಳಾದರು. ಕೈತೊಳೆಯುವಾಗ ಆತ, "ನಿಮ್ಮ ವಾದವನ್ನು ಬರೆದು ಹಾಕಿ ಸಾರ್, ಓದ್ತೀನಿ" ಎಂದು ಸವಾಲಿನ ದನಿಯಲ್ಲಿ ಹೇಳಿದ. ಅವನಿಗೆ ಕೊಟ್ಟ ಮಾತಿನಂತೆ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಅನುಮಾನವನ್ನು ಪರಿಹರಿಸಿಬಿಡುತ್ತೇನೆ. ಕನ್ನಡ ಮೇಷ್ಟ್ರು ಇಂಗ್ಲಿಷ್ ಪದವೊಂದರ ಮೇಲೆ ಹರಿಹಾಯುತ್ತಿದ್ದಾರೆಂದರೆ ಅದು ಮಡಿವಂತಿಕೆಯೇ ಇರಬೇಕೆಂದು ನಿಮ್ಮಲ್ಲಿ ಕೆಲವರು ಈಗಾಗಲೇ ತೀರ್ಮಾನಿಸಿರುತ್ತೀರಿ. ಹಾಗಲ್ಲ. ಈ ಬರಹದ ತಲೆಬರಹದಲ್ಲಿರುವ 'ತಕರಾರು' ಎಂಬುದೇ ನಮ್ಮದಲ್ಲ. ಕಚೇರಿ, ಅರ್ಜಿ, ರಾಜಿಗಳಂತೆ ಹೊರಗಿನಿಂದ ಬಂದು ನಮ್ಮ ಮನೆಯಲ್ಲಿ ಉಂಡು ಬೆಳೆದದ್ದು. ಭಾಷೆಯೆಂಬುದು ಹೊಂದಿಕೊಳ್ಳುತ್ತಲೇ ಬದುಕುತ್ತದೆ. ನಮ್ಮ ಕೆಂಪಾಪುರದ ನೆರೆಯ ಹೆಬ್ಬಾಳವನ್ನೇ ನೋಡಿ. 2018ರಲ್ಲಿ ಅಲ್ಲಿ ದೊರೆತ ವೀರಗಲ್ಲೊಂದು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಅದರಲ್ಲಿ ಈ ಸೀಮೆಯ ಹೆಸರು ಪೆರ್ಬೊಳಲ್ ನಾಡು. ಪೊಳಲ್ ಎಂದರೆ ಪಟ್ಟಣ. ಪೆರ್ಬೊಳಲ್ ಎಂದರೆ ಹಿರಿಯ ಪಟ್ಟಣ. ಪಕಾರ ಹಕಾರವಾಗಿ, ನಡುವಿನ ರೇಫ ಕರಗಿ, ಅದೇ ಇಂದಿನ ಹೆಬ್ಬಾಳವಾಗಿದೆ. ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕಿ ನಾಲಗೆಗಳು ಆ ಹೆಸರನ್ನು ಸವೆಸಿ ನಯಗೊಳಿಸಿವೆ. ಇಂಥ ಹೊಂದಿಕೆಯ ಬಗ್ಗೆ ನನಗೆ ದೂರಿಲ್ಲ. (ಅಂದಹಾಗೆ, ಆ ಕಲ್ಲಿನಲ್ಲಿ ಸ್ಮರಿಸಿರುವ ಕಿತ್ತಯ್ಯನು ಶತ್ರುಗಳು ಬಂದಾಗ ಹೋರಾಡಿ ಮಡಿದವನು. ಅಡ್ಜಸ್ಟ್ ಮಾಡಿಕೊಂಡಿದ್ದರೆ ಅವನ ಹೆಸರು ನಮಗೆ ತಿಳಿಯುತ್ತಿರಲಿಲ್ಲ. ನನ್ನ ಟೆಕ್ ಪಾರ್ಕಿನ ಶಿಷ್ಯನು 'ಕನ್ನಡಿಗರ ಸಂಸ್ಕೃತಿ'ಯ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಲಿ.)

ನನ್ನ ತಕರಾರು ಇರುವುದು, ಈ ಒಂದು ಪದವು ನಮ್ಮ ಹತ್ತಾರು ಪದಗಳ ಕೆಲಸವನ್ನು ಕಸಿದುಕೊಂಡು, ಕಸಿದುಕೊಳ್ಳುವಾಗ ಅವುಗಳ ನಡುವಿನ ವಿವೇಕವನ್ನು ಅಳಿಸಿಹಾಕಿದೆ ಎಂಬುದರ ಬಗ್ಗೆ.

ಮದುವೆಯಿಂದ ಬಂದ ಮರುದಿನ ನನ್ನ ಕಿವಿಗೆ ಬಿದ್ದ 'ಅಡ್ಜಸ್ಟ್'ಗಳನ್ನೆಲ್ಲ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಹಾಕಿಕೊಂಡೆ. ಬೆಳಗ್ಗೆ ಹಾಲಿನ ಅಂಗಡಿಯಾತ ಎರಡು ರೂಪಾಯಿ ಚಿಲ್ಲರೆಯಿಲ್ಲದೆ ಚಾಕೊಲೇಟ್ ಕೊಟ್ಟು "ಅಡ್ಜಸ್ಟ್ ಮಾಡ್ಕೊಳ್ಳಿ ತಾತ" ಎಂದ. ನೀರಿನ ಟ್ಯಾಂಕರಿನವನು ಒಂಬತ್ತಕ್ಕೆ ಬರುತ್ತೇನೆಂದವನು ಹನ್ನೊಂದೂವರೆಗೆ ಬಂದು ಅದನ್ನೇ ಹೇಳಿದ. ಕನ್ನಡಕದ ಅಂಗಡಿಯ ಹುಡುಗಿ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ, "ಅಡ್ಜಸ್ಟ್ ಮಾಡಿದೀನಿ, ಈಗ ಜಾರಲ್ಲ" ಎಂದಳು, ನಿಜವಾಗಿಯೂ ಜಾರಲಿಲ್ಲ. ಆಟೋದವನು ಮೀಟರಿನ ಮೇಲೆ ಮೂವತ್ತು ರೂಪಾಯಿ ಕೇಳುವಾಗಲೂ ಅದೇ ಪದ. ನಮ್ಮ ಬೀದಿಯ ಪಿ.ಜಿ. ಹಾಸ್ಟೆಲಿನ ಮಾಲೀಕರು ಇಬ್ಬರ ಕೋಣೆಗೆ ಮೂರನೆಯ ಮಂಚ ಹಾಕಿಸುತ್ತಾ ಉತ್ತರ ಕರ್ನಾಟಕದ ಹುಡುಗನೊಬ್ಬನಿಗೆ, "ಒಂದ್ ತಿಂಗಳು ಅಡ್ಜಸ್ಟ್ ಮಾಡಪ್ಪಾ" ಎನ್ನುತ್ತಿದ್ದರು. ಮಧ್ಯಾಹ್ನ ಬಂಧುವೊಬ್ಬರ ಫೋನು: "ಹತ್ತು ಸಾವಿರ ಅಡ್ಜಸ್ಟ್ ಆಗತ್ತಾ?" ಸಂಜೆ ಟೀವಿಯಲ್ಲಿ ಒಂದು ಪಕ್ಷದವರು ಇನ್ನೊಂದು ಪಕ್ಷದವರನ್ನು, ಅದಕ್ಕಿಂತ ಹೆಚ್ಚಾಗಿ ತಮ್ಮದೇ ಪಕ್ಷದವರನ್ನು, 'ಅಡ್ಜಸ್ಟ್‌ಮೆಂಟ್ ರಾಜಕಾರಣ' ಮಾಡುತ್ತಾರೆಂದು ಬೈಯುತ್ತಿದ್ದರು. 2023ರ ವಿಧಾನಸಭಾ ಚುನಾವಣೆಯ ನಂತರ ಈ ಜೋಡುಪದವು ಕರ್ನಾಟಕದ ರಾಜಕೀಯದಲ್ಲಿ ಎಷ್ಟು ಓಡಾಡಿತೆಂಬುದು ನಿಮಗೆಲ್ಲ ತಿಳಿದಿದೆ.

ಆ ಪಟ್ಟಿಯನ್ನು ಇಟ್ಟುಕೊಂಡು ಪ್ರತಿಯೊಂದಕ್ಕೂ ಕನ್ನಡದ ಮಾತನ್ನು ಹಾಕುತ್ತಾ ಹೋದೆ. ಕನ್ನಡಕದ ಹುಡುಗಿ ಮಾಡಿದ್ದು ಸರಿಪಡಿಸುವುದು. ಬಂಧುಗಳು ಕೇಳಿದ್ದು ಕೈಸಾಲ. ಹಾಲಿನವನದು ಚೌಕಾಸಿಯಿಲ್ಲದ ವ್ಯಾಪಾರ. ಟ್ಯಾಂಕರಿನವನದು ಮಾತು ತಪ್ಪಿದ್ದು. ಅವನು ಹೇಳಬೇಕಾಗಿದ್ದು "ತಪ್ಪಾಯ್ತು" ಎಂದು. ಪಿ.ಜಿ. ಮಾಲೀಕರದು ಒಪ್ಪಂದ ಮುರಿದದ್ದು. ಆಟೋದವನದು ಸುಲಿಗೆ. ರಾಜಕಾರಣಿಗಳದು ಒಳಸಂಚು. ಸರಿಪಡಿಸುವಿಕೆಯಿಂದ ಒಳಸಂಚಿನವರೆಗೆ ಎಲ್ಲವನ್ನೂ ಒಂದೇ ಚೀಲದಲ್ಲಿ ತುಂಬಿದರೆ, ಚೀಲ ಹೊತ್ತವನಿಗೆ ಒಳಗೇನಿದೆಯೆಂದೇ ತಿಳಿಯದು. 'ತಪ್ಪಾಯ್ತು' ಎನ್ನಬೇಕಾದವನು 'ಅಡ್ಜಸ್ಟ್ ಮಾಡ್ಕೊಳ್ಳಿ' ಎಂದ ಕೂಡಲೇ ತಪ್ಪಿತಸ್ಥನ ಸ್ಥಾನ ಬದಲಾಗುತ್ತದೆ. ಈಗ ಕೆಟ್ಟವನಾಗುವವನು ಅಡ್ಜಸ್ಟ್ ಮಾಡಿಕೊಳ್ಳದವನು.

ಈ ಪದದ ಜಾತಕವನ್ನು ನೋಡೋಣ. ಇಂಗ್ಲಿಷಿನವರು ಇದನ್ನು ಫ್ರೆಂಚಿನಿಂದ ತಂದರು. ಮೂಲ ಲ್ಯಾಟಿನ್: 'ಅಡ್' ಎಂದರೆ ಕಡೆಗೆ, 'ಯುಕ್ಸ್ತಾ' ಎಂದರೆ ಹತ್ತಿರ. ಹತ್ತಿರಕ್ಕೆ ತರುವುದು ಎಂಬುದೇ ಅದರ ಮೊದಲ ಅರ್ಥ. ಆ 'ಯುಕ್ಸ್ತಾ' ನಮ್ಮ ಸಂಸ್ಕೃತದ 'ಯುಜ್' ಧಾತುವಿನ ದಾಯಾದಿ; ಯೋಗ, ಯುಕ್ತ, ಸಂಯೋಗಗಳೆಲ್ಲ ಅದೇ ಮನೆತನದವು. ನೊಗ ಎಂಬರ್ಥದ ಇಂಗ್ಲಿಷಿನ 'ಯೋಕ್' ಕೂಡ ಅಲ್ಲಿಯದೇ. ಮುಂದೆ ಫ್ರೆಂಚಿನಲ್ಲಿ, ನ್ಯಾಯ ಎಂಬರ್ಥದ ಬೇರೊಂದು ಲ್ಯಾಟಿನ್ ಪದದ ನೆರಳು ಇದರ ಮೇಲೆ ಬಿದ್ದು, 'ಜಸ್ಟ್' ಎಂಬುದು ಇದರೊಳಗೆ ಕುಳಿತಿದೆಯೆಂದು ಜನ ಭಾವಿಸಿದರು. ಸರಿಯಾದುದಕ್ಕೆ ತಾಳೆಹಾಕುವುದು ಎಂಬ ಅರ್ಥ ಹಾಗೆ ಗಟ್ಟಿಯಾಯಿತು. ನೊಗದಿಂದ ಹುಟ್ಟಿ, ನ್ಯಾಯದ ವೇಷ ತೊಟ್ಟ ಪದ ನಮ್ಮಲ್ಲಿಗೆ ಬರುವಷ್ಟರಲ್ಲಿ ಎರಡನ್ನೂ ಕಳಚಿಟ್ಟಿತು. ನೊಗಕ್ಕೆ ಎರಡು ಎತ್ತು ಬೇಕು. ನಮ್ಮ ಅಡ್ಜಸ್ಟಿಗೆ ಒಂದೇ ಸಾಕು.

ಇಂಗ್ಲಿಷಿನಲ್ಲಿ ಅದು ಮುಖ್ಯವಾಗಿ ವಸ್ತುಗಳಿಗೆ ಮಾಡುವ ಕೆಲಸ. ಗಡಿಯಾರದ ಮುಳ್ಳು, ತಕ್ಕಡಿಯ ತಿರುಪು, ಬೈಸಿಕಲ್ಲಿನ ಸೀಟು. ಲೆಕ್ಕಪತ್ರದಲ್ಲಿ ವರ್ಷಾಂತ್ಯದ ಹೊಂದಾಣಿಕೆ ನಮೂದು. ವಿಮೆಯವರಲ್ಲಿ ನಷ್ಟವನ್ನು ಅಳೆದು ಪರಿಹಾರ ಗೊತ್ತುಮಾಡುವ ಅಧಿಕಾರಿಗೇ ಅಡ್ಜಸ್ಟರ್ ಎಂದು ಹೆಸರು. ಇವೆಲ್ಲದರಲ್ಲೂ ಅಳತೆಗೊಂದು ಮಾನವಿದೆ. ಗಡಿಯಾರವನ್ನು ಅಡ್ಜಸ್ಟ್ ಮಾಡುವಾಗ ಸರಿಯಾದ ವೇಳೆ ಎಂಬುದೊಂದು ಹೊರಗಿರುತ್ತದೆ, ಗಡಿಯಾರ ಅದಕ್ಕೆ ಬಾಗುತ್ತದೆ. ನಮ್ಮಲ್ಲಿ ಗಡಿಯಾರ ತಪ್ಪಾಗಿಯೇ ಓಡುತ್ತಿರುತ್ತದೆ. ಸೂರ್ಯನಿಗೆ ಸ್ವಲ್ಪ ತಡವಾಗಿ ಹುಟ್ಟಲು ಹೇಳುತ್ತೇವೆ.

ಇಂಗ್ಲಿಷಿನವರು ಪರಮ ಸಾಧುಗಳೆಂದು ನಾನು ಹೇಳುತ್ತಿಲ್ಲ. 1980ರ ದಶಕದಿಂದ ವಿಶ್ವಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಗಳು ಬಡ ದೇಶಗಳಿಗೆ ಸಾಲ ಕೊಡುವಾಗ ವಿಧಿಸಿದ ಷರತ್ತುಗಳಿಗೆ 'ಸ್ಟ್ರಕ್ಚರಲ್ ಅಡ್ಜಸ್ಟ್‌ಮೆಂಟ್' ಎಂದೇ ಹೆಸರಿಟ್ಟಿದ್ದರು. ಅಲ್ಲಿಯೂ ಬಾಗಬೇಕಾದವನು ಸಾಲಗಾರನೇ.

ಇನ್ನು ವ್ಯಾಕರಣ. ನನ್ನ ಪಾಠದಲ್ಲಿ ನಿದ್ದೆ ಮಾಡದವರಿಗೆ 'ಮಾಡು' ಮತ್ತು 'ಮಾಡಿಕೊ' ಇವುಗಳ ಭೇದ ನೆನಪಿರಬೇಕು. 'ಅಡಿಗೆ ಮಾಡಿದಳು' ಎಂದರೆ ಯಾರಿಗೋ. 'ಅಡಿಗೆ ಮಾಡಿಕೊಂಡಳು' ಎಂದರೆ ತನಗೆ. 'ಕೊಳ್ಳು' ಎಂಬ ಸಹಾಯಕ ಕ್ರಿಯಾಪದವು ಕ್ರಿಯೆಯ ಫಲವನ್ನು ಕರ್ತೃವಿನ ಕಡೆಗೇ ತಿರುಗಿಸುತ್ತದೆ. ಎಷ್ಟು ಸೂಕ್ಷ್ಮವಾದ ಉಪಕರಣ ಅದು! ಈಗ 'ಅಡ್ಜಸ್ಟ್ ಮಾಡಿಕೊಳ್ಳಿ' ಎಂಬುದನ್ನು ಬಿಡಿಸಿ ನೋಡಿ. ಕ್ರಿಯೆ ನಿಮ್ಮದು, ನಷ್ಟವೂ ನಿಮ್ಮದು, ಲಾಭ ಹೇಳಿದವನದು. ಫಲವನ್ನು ಕರ್ತೃವಿಗೆ ಕೊಡಬೇಕಾದ ಪ್ರತ್ಯಯವು ಇಲ್ಲಿ ಕರ್ತೃವಿನ ಜೇಬಿಗೆ ಕೈಹಾಕಿದೆ. ಜೊತೆಗೆ 'ಸ್ವಲ್ಪ' ಎಂಬ ಸಕ್ಕರೆ ಲೇಪ. ಸ್ವಲ್ಪ ಎಷ್ಟೆಂದು ನಿರ್ಧರಿಸುವವನೂ ಅವನೇ.

ನಮ್ಮಲ್ಲಿ ಇದಕ್ಕೆ ಪದಗಳಿರಲಿಲ್ಲವೇ? ಹೊಂದಿಕೊಳ್ಳುವುದು ಬೇರೆ, ಒಗ್ಗಿಕೊಳ್ಳುವುದು ಬೇರೆ. ಮಲೆನಾಡಿನ ಹೆಣ್ಣು ಬಯಲುಸೀಮೆಯ ಬಿಸಿಲಿಗೆ ಒಗ್ಗುತ್ತಾಳೆ. ಬಿಸಿಲಿಗೆ ಅದರಿಂದ ಏನೂ ಆಗುವುದಿಲ್ಲ. ಹೊಂದಾಣಿಕೆಯಲ್ಲಿ ಎರಡೂ ಅಂಚುಗಳು ಕೂಡುತ್ತವೆ, ಬಡಗಿಯ ಬೆಸುಗೆಯಂತೆ. ಸುಧಾರಿಸಿಕೊಳ್ಳುವುದು ದಣಿವಾದವನು ಮಾಡುವುದು. ನಿಭಾಯಿಸುವುದರಲ್ಲಿ ಜಾಣ್ಮೆಯಿದೆ. ತಾಳಿಕೊಳ್ಳುವುದರಲ್ಲಿ ನೋವಿದೆ, ಮತ್ತು ಆ ನೋವನ್ನು ಪದವೇ ಒಪ್ಪಿಕೊಳ್ಳುತ್ತದೆ. ಹೊರಗಿನಿಂದ ಬಂದ 'ರಾಜಿ'ಯನ್ನೇ ತೆಗೆದುಕೊಳ್ಳಿ; ಅರಬ್ಬಿಯಲ್ಲಿ ಅದಕ್ಕೆ ಸಮ್ಮತಿಯುಳ್ಳವನು ಎಂದರ್ಥ. ಹಳ್ಳಿಯ ಪಂಚಾಯಿತಿಯಲ್ಲಿ ಎರಡೂ ಕಡೆಯವರು ಬಂದು ಕುಳಿತು ಒಪ್ಪಿದರೆ ಮಾತ್ರ ರಾಜಿ. ಒಪ್ಪಿಗೆಯನ್ನು ಕೇಳುವ ಗೊಡವೆಯಿಲ್ಲದ ರಾಜಿಯೇ ಅಡ್ಜಸ್ಟ್. ಯಾರಾದರೂ "ತಾಳಿಕೊಳ್ಳಮ್ಮ" ಎಂದರೆ, "ಎಷ್ಟು ದಿನ?" ಎಂದು ಕೇಳಬಹುದು. "ಅಡ್ಜಸ್ಟ್ ಮಾಡ್ಕೊ" ಎಂದರೆ ಹಾಗೆ ಕೇಳುವುದಕ್ಕೂ ಅದು ಆಸ್ಪದ ಕೊಡುವುದಿಲ್ಲ. ಬಹಳ ಸಣ್ಣ ಕೆಲಸವೆಂಬಂತೆ ಕೇಳಿಸುತ್ತದೆ.

ಶಾಲೆಗೆ ಬರೋಣ, ಅಲ್ಲಿ ನಾನೂ ಪಾಲುದಾರ.

'ಅಡ್ಜಸ್ಟ್‌ಮೆಂಟ್ ಪಿರಿಯಡ್' ಎಂದರೆ ನಿಮಗೆಲ್ಲ ಮುಖದಲ್ಲಿ ನಗು ಮೂಡುತ್ತದೆಂದು ಬಲ್ಲೆ. ಯಾವುದೋ ಶಿಕ್ಷಕರು ರಜೆ ಹಾಕಿದರೆ ಬೆಳಗಿನ ಪ್ರಾರ್ಥನೆ ಮುಗಿಯುತ್ತಲೇ ಜವಾನನು ಉದ್ದನೆಯ ನೋಟುಪುಸ್ತಕವನ್ನು ಹಿಡಿದು ಸ್ಟಾಫ್ ರೂಮಿಗೆ ಬರುತ್ತಿದ್ದ. ಯಾರ ತರಗತಿಗೆ ಯಾರು ಹೋಗಬೇಕೆಂದು ಹೆಡ್‌ಮಾಸ್ಟರರು ಬರೆದಿರುತ್ತಿದ್ದರು. ನಾವು ಸಹಿ ಹಾಕುತ್ತಿದ್ದೆವು. ನೀವು ಅಂತ್ಯಾಕ್ಷರಿ ಆಡುತ್ತಿದ್ದಿರಿ, ನಾನು ಕಿರುಪರೀಕ್ಷೆಯ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ಒಂದು ದಿನದ ಮಟ್ಟಿಗೆ ಅದು ಸುಂದರವಾದ ವ್ಯವಸ್ಥೆ.

ಒಂದು ವರ್ಷ ಗಣಿತದ ಮೇಷ್ಟ್ರಿಗೆ ಜುಲೈನಲ್ಲಿ ವರ್ಗವಾಯಿತು. ಬದಲಿಗೆ ಯಾರೂ ಬರಲಿಲ್ಲ. ಹತ್ತನೆಯ ತರಗತಿಯ ಗಣಿತದ ಪಿರಿಯಡ್ಡುಗಳು ನಮ್ಮೆಲ್ಲರ ನಡುವೆ ಅಡ್ಜಸ್ಟ್ ಆದವು. ನನ್ನ ಪಾಲಿಗೆ ವಾರಕ್ಕೆರಡು. ನನಗೆ ಬೀಜಗಣಿತ ಬಾರದು. ಷಟ್ಪದಿಯ ಮಾತ್ರೆ ಎಣಿಸುವುದೂ ಗಣಿತವೇ ಎಂದು ಹಾಸ್ಯ ಮಾಡಿ, ಭಾಮಿನಿಯೊಂದರಲ್ಲಿ ಹದಿನಾಲ್ಕರ ನಾಲ್ಕು ಸಾಲು, ಇಪ್ಪತ್ತಮೂರರ ಎರಡು ಸಾಲು, ಒಟ್ಟು 102 ಮಾತ್ರೆ ಬರುತ್ತದೆಂದು ಲೆಕ್ಕ ಮಾಡಿಸಿದೆ. ಮಕ್ಕಳು ನಕ್ಕರು, ನಾನೂ ನಕ್ಕೆ. ಹೊಸ ಮೇಷ್ಟ್ರು ಬಂದದ್ದು ಜನವರಿಯಲ್ಲಿ, ಪರೀಕ್ಷೆ ಮಾರ್ಚಿನಲ್ಲಿ. ಆ ತಂಡದಲ್ಲಿ ಗಣಿತವೊಂದರಲ್ಲೇ ನಪಾಸಾಗಿ ಓದು ನಿಲ್ಲಿಸಿದವರಿದ್ದಾರೆ. ಅವರಲ್ಲೊಬ್ಬ ಈಗಲೂ ಹೆಬ್ಬಾಳದ ಕಡೆ ಸಿಕ್ಕರೆ ಸ್ಕೂಟರ್ ನಿಲ್ಲಿಸಿ ಕಾಲಿಗೆ ನಮಸ್ಕರಿಸುತ್ತಾನೆ. ನನಗೆ ಆ ನಮಸ್ಕಾರ ಚುಚ್ಚುತ್ತದೆ.

ನಿವೃತ್ತಿಯ ಹತ್ತಿರದಲ್ಲಿ ಹಳೆಯ ಕಡತಗಳನ್ನು ಜೋಡಿಸುವಾಗ ಆ ವರ್ಷದ ಅಡ್ಜಸ್ಟ್‌ಮೆಂಟ್ ಪುಸ್ತಕ ಕೈಗೆ ಸಿಕ್ಕಿತು. ಜುಲೈಯಿಂದ ಜನವರಿಯವರೆಗೆ ಒಂದೇ ಒಂದು ಗಣಿತದ ಪಿರಿಯಡ್ ಖಾಲಿಯಿರಲಿಲ್ಲ! ಪ್ರತಿಯೊಂದರ ಮುಂದೆಯೂ ಒಬ್ಬ ಶಿಕ್ಷಕನ ಸಹಿ. ಎಷ್ಟೋ ಕಡೆ ನನ್ನದೇ, ದುಂಡಗೆ, ನೀಟಾಗಿ. ತಪಾಸಣೆಗೆ ಬಂದ ಯಾವ ಅಧಿಕಾರಿ ನೋಡಿದರೂ ಪಾಠ ನಿಂತಿರಲೇ ಇಲ್ಲ. ನಾವು ಅಡ್ಜಸ್ಟ್ ಮಾಡದೆ ಆ ತರಗತಿಯನ್ನು ಖಾಲಿ ಬಿಟ್ಟಿದ್ದರೆ ಒಂದು ವಾರದಲ್ಲಿ ಪಾಲಕರು ಬಂದು ಗದ್ದಲ ಮಾಡುತ್ತಿದ್ದರು, ಆಗಸ್ಟಿನಲ್ಲಿಯೇ ಮೇಷ್ಟ್ರು ಬರುತ್ತಿದ್ದರು. ಕೊರತೆಯನ್ನು ಮರೆಮಾಡಿದವರು ನಾವು, ನಮ್ಮ ಒಳ್ಳೆಯತನದಿಂದಲೇ. ಅಡ್ಜಸ್ಟ್‌ಮೆಂಟಿನ ನಿಜವಾದ ಕೆಡುಕು ಇದು: ಅದು ನೋವನ್ನು ಹಂಚುವುದರ ಜೊತೆಗೆ ಕಾಣದಂತೆಯೂ ಮಾಡುತ್ತದೆ. ಕಾಣದ್ದನ್ನು ಸರಿಪಡಿಸಲು ಯಾರಿಗೂ ಅವಸರವಿರುವುದಿಲ್ಲ.

ಊರಿನ ಕತೆಯೂ ಇದೇ. ಕೆಂಪಾಪುರದ ನಮ್ಮ ಅಡ್ಡರಸ್ತೆ ನಕ್ಷೆಯ ಮೇಲೆ ಮೂವತ್ತು ಅಡಿ. ಒಬ್ಬರು ಕಾರು ಹತ್ತಿಸಲು ಇಳಿಜಾರು ಕಟ್ಟಿದರು, ಇನ್ನೊಬ್ಬರು ಮೆಟ್ಟಿಲನ್ನು ಹೊರಗೆ ತಂದರು, ಮತ್ತೊಬ್ಬರು ಗಿಡಗಳಿಗೆ ಜಾಲರಿ ಹಾಕಿದರು. ಈಗ ಕಸದ ಗಾಡಿ ಬಂದರೆ ಎದುರಿನ ಸ್ಕೂಟರ್ ಹಿಂದಕ್ಕೆ ಹೋಗಬೇಕು. ನಮ್ಮ ಪಕ್ಕದ ನಿವೇಶನದಲ್ಲಿ ಮನೆ ಎದ್ದಾಗ, ಬಿಡಬೇಕಾದ ಜಾಗವನ್ನು ಬಿಡದೆ ಗೋಡೆ ಮೇಲೇರಿತು. ಮೇಸ್ತ್ರಿ ತೂಗುಗುಂಡು ಇಳಿಬಿಟ್ಟು, ರಸಮಟ್ಟ ಇಟ್ಟು, ಗೋಡೆಯನ್ನು ಕೂದಲೆಳೆಯಷ್ಟೂ ವಾಲದಂತೆ ಕಟ್ಟಿದ, ಅಂಥ ಕುಶಲಿ. ಗೋಡೆ ನೆಟ್ಟಗಿತ್ತು, ಇರಬೇಕಾದ ಕಡೆ ಇರಲಿಲ್ಲ ಅಷ್ಟೆ. ಮನೆಯಾತ ಬಂದು, "ಮೇಷ್ಟ್ರೇ, ಎರಡಡಿ ತಾನೇ, ಅಡ್ಜಸ್ಟ್ ಮಾಡ್ಕೊಳ್ಳಿ. ನಾಳೆ ನೀವೂ ಕಟ್ಟುವಾಗ ನಾನೇನೂ ಕೇಳಲ್ಲ" ಎಂದರು. ಕೊನೆಯ ವಾಕ್ಯವನ್ನು ಗಮನಿಸಿ. ನನ್ನ ಬೆಳಕನ್ನು ಕಿತ್ತುಕೊಂಡದ್ದಕ್ಕೆ ಪರಿಹಾರವಾಗಿ, ಮೂರನೆಯವನೊಬ್ಬನ ಬೆಳಕನ್ನು ಕಿತ್ತುಕೊಳ್ಳಲು ನನಗೆ ಅನುಮತಿ.

ಇದಕ್ಕೆ ಸರ್ಕಾರದ ಮಟ್ಟದ ಹೆಸರೂ ಇತ್ತು: ಅಕ್ರಮ-ಸಕ್ರಮ. ಬೆಂಗಳೂರಿನಂಥ ನಗರಗಳಲ್ಲಿ ವಸತಿ ಕಟ್ಟಡಗಳಲ್ಲಿ ಶೇ. 50ರವರೆಗಿನ, ವಾಣಿಜ್ಯ ಕಟ್ಟಡಗಳಲ್ಲಿ ಶೇ. 25ರವರೆಗಿನ ನಿಯಮೋಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಕ್ರಮಬದ್ಧಗೊಳಿಸುವ ಯೋಜನೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅರ್ಧದಷ್ಟು ತಪ್ಪಿದ್ದರೆ ಸರಿ ಎಂಬ ಲೆಕ್ಕವನ್ನು ನನ್ನ ಷಟ್ಪದಿಯ ತರಗತಿಯಲ್ಲಿಯೂ ಯಾರೂ ಹೇಳಿರಲಿಲ್ಲ.

ಆದರೆ ನೀರಿಗೆ ಕನ್ನಡವೂ ಬಾರದು, ಇಂಗ್ಲಿಷೂ ಬಾರದು. ರಾಜಕಾಲುವೆಯ ಮೇಲೆ ಚಪ್ಪಡಿ ಹಾಸಿ, ಅದರ ಅಗಲವನ್ನು ಅಂಗುಲ ಅಂಗುಲವಾಗಿ ಅಡ್ಜಸ್ಟ್ ಮಾಡಿದ್ದನ್ನು ಮಳೆಗಾಲವು ಒಪ್ಪಿಕೊಳ್ಳುವುದಿಲ್ಲ. 2021ರ ನವೆಂಬರಿನಲ್ಲಿ ಒಮ್ಮೆ, 2024ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಅದೇ 2024ರ ಅಕ್ಟೋಬರಿನಲ್ಲಿ ಹೆಣ್ಣೂರು ಕಡೆಯ ಬಾಬುಸಾಪಾಳ್ಯದಲ್ಲಿ, ಅನುಮತಿಗಿಂತ ಹೆಚ್ಚು ಅಂತಸ್ತು ಏರಿಸುತ್ತಿದ್ದ ಕಟ್ಟಡ ಕುಸಿದು ಕೂಲಿಕಾರರು ಸತ್ತರು. ಯಾರೋ ಯಾರಿಗೋ "ಇನ್ನೊಂದು ಅಂತಸ್ತು ತಾನೇ" ಎಂದಿರಬೇಕಲ್ಲವೇ? ಹಾಗೆಂದವರು ಅದರ ಕೆಳಗೆ ಮಲಗಿದ್ದವರಲ್ಲ.

ಇಷ್ಟನ್ನೂ ನಾನು ಕೋಪದಿಂದ ಬರೆದೆ. ಮುಂದಿನದನ್ನು ಬರೆಯಲು ಎರಡು ದಿನ ತಡವಾಯಿತು.

ತೊಂಬತ್ತರ ದಶಕದಲ್ಲಿ ಒಂದು ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಶಾಲೆಗೆ ಬಂದಳು. ತರಗತಿಯಲ್ಲಿ ಪ್ರಬಂಧವನ್ನು ಬಹಳ ಚೆನ್ನಾಗಿ ಬರೆಯುತ್ತಿದ್ದವಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡ ಹೊಡೆಯುತ್ತಾನೆಂದು ಹೇಳಿದಳು. ಅಪ್ಪ ಅಮ್ಮನಿಗೆ ಹೇಳಿದರೆ ವಾಪಸು ಹೋಗು ಎನ್ನುತ್ತಾರೆ, "ನೀವು ನಮ್ಮಪ್ಪನಿಗೆ ಒಂದ್ ಮಾತು ಹೇಳಿ ಸಾರ್, ನಿಮ್ಮ ಮಾತಿಗೆ ಬೆಲೆ ಕೊಡ್ತಾರೆ" ಎಂದಳು. ಗಂಟೆ ಬಾರಿಸಿತ್ತು. ನಾನು ಹಾಜರಿ ಪುಸ್ತಕವನ್ನು ಎತ್ತಿಕೊಳ್ಳುತ್ತಾ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ, ಮಗು ಆಗಿದೆಯಲ್ಲ, ಎಲ್ಲ ಸರಿಹೋಗುತ್ತೆ" ಎಂದೆ. ಅವಳು "ಆಯ್ತು ಸಾರ್" ಎಂದಳು. ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ ಹುಡುಗಿ.

ಆ ಹೊತ್ತಿಗೆ ಗಂಡನ ಮನೆಯ ಕ್ರೌರ್ಯವನ್ನು ಅಪರಾಧವೆನ್ನುವ 498ಎ ಕಲಮು ಕಾನೂನಿಗೆ ಸೇರಿ ಹಲವು ವರ್ಷಗಳಾಗಿದ್ದವು, 1983ರಲ್ಲಿಯೇ. ಪತ್ರಿಕೆ ಓದುವ ಮೇಷ್ಟ್ರಾದ ನನಗೆ ಅದು ತಿಳಿದಿತ್ತು. ತಿಳಿದಿದ್ದೂ ನನ್ನ ಬಾಯಿಗೆ ಬಂದದ್ದು ಆ ಪದ. ಯಾಕೆಂದರೆ ಅದು ಹಗುರ. "ಹೊಡೆತ ತಿನ್ನುತ್ತಾ ಇರಮ್ಮ" ಎಂದು ಹೇಳಲು ನನ್ನ ನಾಲಗೆ ಏಳುತ್ತಿರಲಿಲ್ಲ. ಅರ್ಥ ಅದೇ ಆಗಿತ್ತು.

ಬಹಳ ವರ್ಷಗಳ ನಂತರ ಆಕೆ ಯಲಹಂಕದ ಬಸ್ಸಿನಲ್ಲಿ ಸಿಕ್ಕಳು. ಗುರುತು ಹಿಡಿದು ಅವಳೇ ಎದ್ದು ಜಾಗ ಕೊಟ್ಟಳು. ಗಂಡನನ್ನು ಬಿಟ್ಟು ಬಂದು ಹೊಲಿಗೆ ಅಂಗಡಿ ಇಟ್ಟಿದ್ದಳು, ಮಗನನ್ನು ಓದಿಸಿದ್ದಳು. ಮಾತನಾಡುವಾಗ ತಲೆಯನ್ನು ಒಂದು ಕಡೆಗೆ ವಾಲಿಸುತ್ತಿದ್ದುದನ್ನು ಕಂಡು ಕೇಳಿದೆ. ಎಡಗಿವಿ ಕೇಳಿಸುವುದಿಲ್ಲ ಎಂದಳು. ಹೇಗೆ ಎಂದು ನಾನು ಕೇಳಲಿಲ್ಲ. ಆಮೇಲೆ ಅವಳೇ, ಯಾವ ಕಹಿಯೂ ಇಲ್ಲದೆ, ಹಳೆಯ ಪಾಠವೊಂದನ್ನು ನೆನಪಿಸುವವಳಂತೆ ಹೇಳಿದಳು: "ನೀವು ಹೇಳಿದ್ದನ್ನ ಆರು ವರ್ಷ ಮಾಡಿದೆ ಸಾರ್. ಅವರಿಗೆ ಮಾತ್ರ ಯಾರೂ ಹೇಳಲಿಲ್ಲ."

ಈ ಸಂಗತಿಯನ್ನು ಬರೆಯುವ ಮುನ್ನ ಆಕೆಯನ್ನು ಕೇಳಿದೆ. ಹೆಸರು ಬೇಡ, ಬರೀರಿ ಎಂದಳು. ಈಗ ಕೌಟುಂಬಿಕ ದೌರ್ಜನ್ಯ ತಡೆಯಲು 2005ರ ಕಾಯ್ದೆಯಿದೆ. 498ಎ ಕಲಮಿನ ಹೂರಣವು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇರೆ ಸಂಖ್ಯೆಯಡಿ ಕುಳಿತಿದೆ. ಆದರೆ ಮದುವೆಯ ವೇದಿಕೆಯ ಮೇಲೆ ಇನ್ನೂ ಆ ಹಳೆಯ ಕಲಮೇ ಜಾರಿಯಲ್ಲಿದೆ. ಅಂದು ಆ ಹಿರಿಯರ ಹರಕೆ ಕೇಳಿ ನಾನು ಬೆಂಕಿಯಾದದ್ದು ಅವರ ಮೇಲಿನ ಸಿಟ್ಟಿನಿಂದಲ್ಲ. ಅದು ನನ್ನ ದನಿಯಾಗಿತ್ತು.

ನನ್ನ ಟೆಕ್ ಪಾರ್ಕಿನ ಶಿಷ್ಯನ ವಾದಕ್ಕೂ ನ್ಯಾಯ ಒದಗಿಸಬೇಕು. ಅವನು ಹೇಳಿದ್ದು ಹೀಗೆ: ಇಬ್ಬರ ಸೀಟಿನಲ್ಲಿ ಮೂರನೆಯವರಿಗೆ ಜಾಗ ಕೊಡುವ ಊರು ಇದು, ಎಲ್ಲಿಂದಲೋ ಬಂದವರು ಇಲ್ಲಿ ಬದುಕು ಕಟ್ಟಿಕೊಂಡದ್ದು ಈ ಗುಣದಿಂದ, ಎಲ್ಲರೂ ತಮ್ಮ ಹಕ್ಕಿನ ಅಂಗುಲವನ್ನು ಅಳೆಯುತ್ತಾ ಕುಳಿತರೆ ಒಂದು ದಿನವೂ ನಡೆಯದು. ಒಪ್ಪುತ್ತೇನೆ. ಬಿ.ಟಿ.ಎಸ್. ಬಸ್ಸುಗಳ ಕಾಲದಿಂದಲೂ ನಾನು ಹಾಗೆ ಸರಿದು ಕುಳಿತವನೇ, ಬೇರೆಯವರು ಸರಿದು ಕೊಟ್ಟ ಜಾಗದಲ್ಲಿ ಕುಳಿತವನೂ ಹೌದು. ಆ ಬಸ್ಸಿನಲ್ಲಿ ಅವಳು ಎದ್ದು ನಿಂತು ನನಗೆ ಜಾಗ ಕೊಟ್ಟಳಲ್ಲ, ಅದಕ್ಕೆ ನನ್ನಲ್ಲಿ ಯಾವ ತಕರಾರಿದ್ದೀತು? ಆದರೆ ಸರಿಯುವವನು ತಾನಾಗಿ ಸರಿಯುವುದಕ್ಕೂ, ಕುಳಿತವನು ಕಾಲು ಚಾಚಿಕೊಂಡು ನಿಂತವನಿಗೆ "ಅಡ್ಜಸ್ಟ್ ಮಾಡಿ" ಎನ್ನುವುದಕ್ಕೂ ಒಂದೇ ಪದ ಬಳಸಬೇಡ ಎಂದಷ್ಟೇ ನನ್ನ ಕೇಳಿಕೆ. ಬಸ್ಸಿನಲ್ಲಿ ನಿಂತವನು ಕುಳಿತವನನ್ನು ಕೇಳುತ್ತಾನೆ. ಬಸ್ಸಿನ ಹೊರಗೆ, ಬಹುಪಾಲು, ಕುಳಿತವನೇ ನಿಂತವನನ್ನು ಕೇಳುತ್ತಿದ್ದಾನೆ.

ಮಾರ್ಟಿನ್ ಲೂಥರ್ ಕಿಂಗ್ 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಮ್ಮೇಳನದಲ್ಲಿ ಮಾತನಾಡುತ್ತಾ ಇದೇ ಪದವನ್ನು ಹಿಡಿದುಕೊಂಡಿದ್ದರು. ಆ ಶಾಸ್ತ್ರದವರಿಗೆ ಪರಿಸರಕ್ಕೆ ಹೊಂದಿಕೊಳ್ಳದವನು ರೋಗಿ. ಕಿಂಗ್ ಅವರಾದರೋ, ವರ್ಣಭೇದಕ್ಕೂ ಹಿಂಸೆಗೂ ಹೊಂದಿಕೊಳ್ಳದಿರುವುದೇ ಆರೋಗ್ಯವೆಂಬ ಅರ್ಥದಲ್ಲಿ ಮಾತನಾಡಿ, ಅಂಥ ಹೊಂದಿಕೊಳ್ಳದವರ ಸಂಘವೊಂದು ಬೇಕೆಂದರು. ಕೆಂಪಾಪುರದಲ್ಲಿ ಅದರ ಶಾಖೆ ತೆರೆಯುವುದಾದರೆ ನಾನು ಚಂದಾ ಕೊಡಲು ಸಿದ್ಧ. ಪಕ್ಕದ ಮನೆಯವರು ಸೇರುವುದು ಅನುಮಾನ.

ಮದುವೆಯ ದಿನದ್ದು ಒಂದು ಮಾತು ಉಳಿಯಿತು. ಊಟವಾದ ಮೇಲೆ, ಹೊರಡುವ ಮುನ್ನ, ನಾನು ಮತ್ತೆ ವೇದಿಕೆ ಹತ್ತಿದೆ. ವರನನ್ನು, "ಏನಪ್ಪಾ, ಅಡಿಗೆ ಬರುತ್ತದೆಯೇ?" ಎಂದು ಕೇಳಿದೆ. ಅವನು ಗಾಬರಿಯಾಗಿ, "ಅನ್ನ ಸಾರು ಮಾಡ್ತೀನಿ 'ಸಾರ್'. ಪಲ್ಯ ಅಷ್ಟು ಚೆನ್ನಾಗಿ ಬರಲ್ಲ" ಎಂದ. "ಕಲಿತುಕೊ" ಎಂದೆ. ವಧು ಮೊದಲ ಬಾರಿಗೆ ಜೋರಾಗಿ ನಕ್ಕಳು. ಅಷ್ಟರಲ್ಲಿ ಫೋಟೋದವನು ಕೈಯೆತ್ತಿ ಕೂಗಿದ: "ತಾತ, ಸ್ವಲ್ಪ ಅಡ್ಜಸ್ಟ್ ಮಾಡಿ, ಇನ್ನೂ ಹತ್ತಿರ ಬನ್ನಿ."

ಹೋಗಿ ನಿಂತೆ.